ಹೂ ಮುಡಿದ ಮಾತ್ರಕ್ಕೆ ಒಪ್ಪಿಗೆ ಸಾಬೀತಾಗುವುದಿಲ್ಲವಂತೆ

ಬಾಡಿಗೆ ಕಾರು, ಹಣ್ಣು, ಹೂವು, ತಮ್ಮನಿಗೊಂದು ಹೊಸ ಅಂಗಿ. ಇವತ್ತಿನ ಖರ್ಚು ಇಷ್ಟು, ಸ್ನೇಹಿತರೇ. ಬೇಸಾಯ ಮಾಡುವ ತಮ್ಮನಿಗೆ ಹೆಣ್ಣು ನೋಡಲು ಭೀಮನಬೀಡಿನಿಂದ ಚಾಮರಾಜನಗರಕ್ಕೆ ಹೋಗಿದ್ದೆವು. ಹುಡುಗಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಾಳೆ. ನಮ್ಮವ್ವ ಕೊಟ್ಟ ಹೂವನ್ನು ಮುಡಿದಳು.

"ಒಪ್ಪುದ್ ಹೆಣ್ಣು ಹೂ ಮುಡೀತಾಳೆ. ಇವ್ಳು ಮುಡುದ್ಲು. ಅಂದ್ಮೇಲೆ ಒಪ್ಪುದ್ಲು ಕಣವ್ವ!" ಎಂದೆ ನಮ್ಮವ್ವನಿಗೆ.

ಹುಡುಗಿ ನಕ್ಕಳು. "ಒಪ್ಪದೋರೂ ಮರ್ಯಾದೆಗೆ ಮುಡೀಬೌದಲ್ವಾ ಅಣ್ಣ? ನಮ್ ಕಾಲೇಜ್ ಮಕ್ಳು ಇಂಗೆ ಸಾಧಿಸುದ್ರೆ ಸೊನ್ನೆ ಕೊಡ್ತೀನಿ."

ನಾನು ಬಿಡಲಿಲ್ಲ. "ಆಗಾದ್ರೆ ಒಪ್ಪಿಲ್ಲ ಅಂತಾನೂ ಸಾಬೀತಾಗ್ನಿಲ್ವಲ್ಲವ್ವ?"

"ಇದು ಸರಿಯಾದ್ ತರ್ಕ. ಅದ್ಕೇ ಬಾಯ್ಬುಟ್ಟು ಯೋಳ್ತೀನಿ ಅಣ್ಣ, ನಂಗೊಪ್ಗೆ ಇಲ್ಲ."

ಹುಡುಗಿಗೆ ನೆಮ್ಮದಿ ಸಿಕ್ಕಿತು, ನನಗೆ ಪುಕ್ಕಟೆ ಪಾಠ ಸಿಕ್ಕಿತು. ನಲವತ್ತಕ್ಕೆ ಬಿದ್ದ ತಮ್ಮನಿಗೆ ಈ ಸಲವೂ ಏನೂ ಸಿಗಲಿಲ್ಲ.