ದೇವರ ಗೂಡಿನಲ್ಲಿದ್ದ ಡಿಸ್ಕು

2023ರ ದಸರಾ ಹೊತ್ತಿಗೆ ನಾನು ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆಗಾರರ ಸಹಕಾರ ಸಂಘವೊಂದರ ಕೇಂದ್ರ ಕಚೇರಿಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ಭಾರಿ. ಪಿರಿಯಾಪಟ್ಟಣದ ಶಾಖೆಯಲ್ಲಿ ಇಂಟರ್ನೆಟ್ ನಿಂತರೂ ನಾನೇ, ಕೆ.ಆರ್. ನಗರದವರು ಪಾಸ್‌ವರ್ಡ್ ಮರೆತರೂ ನಾನೇ, ಸರಗೂರಿನಲ್ಲಿ ಸ್ಕ್ಯಾನರ್ ಮೇಲೆ ಟೀ ಚೆಲ್ಲಿದರೂ ನಾನೇ. ವಯಸ್ಸು ನಲವತ್ತೊಂಬತ್ತು. ಸ್ವಭಾವ ಪುಕ್ಕಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಹಿಂದಿರುಗಿದ ದಿನಗಳಿಗೆ ಲೆಕ್ಕವಿಲ್ಲ. ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುತ್ತೇನೆ. "ಇನ್ನೊಂದ್ಸಲ ಎಳೀರಿ, ಬೀಗ ಕೈಗೇ ಬರ್ಲಿ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಆಗ ನನಗೆ ಅದು ತಮಾಷೆಯಾಗಿ ಕೇಳಿಸುತ್ತಿತ್ತು.

ಸಂಘಕ್ಕೆ ಒಂದು ವೆಬ್ ಪೋರ್ಟಲ್ ಇತ್ತು. ನಾಲ್ಕು ತಾಲ್ಲೂಕುಗಳ ಸದಸ್ಯರ ಅರ್ಜಿ, ಪಹಣಿ, ಒಪ್ಪಿಗೆ ಪತ್ರಗಳೆಲ್ಲ ಸ್ಕ್ಯಾನ್ ಆಗಿ ಅದರಲ್ಲಿದ್ದವು. ಪೋರ್ಟಲ್‌ಗೆ ಆಧಾರವಾಗಿದ್ದ ಪ್ಲಾಟ್‌ಫಾರ್ಮ್, ಅಂದರೆ ತಳದ ಸಾಫ್ಟ್‌ವೇರ್, ಹಳೆಯದಾಗಿತ್ತು. ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡದಿದ್ದರೆ ಸುರಕ್ಷತೆಯ ಹೊಣೆ ತಮ್ಮದಲ್ಲವೆಂದು ಅದನ್ನು ಕೊಟ್ಟವರು ಹೇಳಿಬಿಟ್ಟಿದ್ದರು. ದಸರಾ ರಜೆ ಮುಗಿದ ಮೊದಲ ದಿನ ಆ ಕೆಲಸ ಮಾಡುವುದೆಂದು ತೀರ್ಮಾನವಾಯಿತು.

ಅಪ್‌ಗ್ರೇಡ್ ಮಾಡುವುದಕ್ಕೆ ಒಂದು ಕಮಾಂಡ್ ಲೈನ್ ಟೂಲ್ ಇರುತ್ತದೆ. ಇದರಲ್ಲಿ ಗುಂಡಿ, ಚಿತ್ರ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಯನ್ನು ಟೈಪ್ ಮಾಡಬೇಕು. ಅದಕ್ಕೆ ಮೊದಲು ಮೂರು ಚಿಕ್ಕ ಫೈಲುಗಳನ್ನು ಬರೆದಿಡಬೇಕು. ಪೋರ್ಟಲ್ ನಡೆಸುವ ಸರ್ವರ್ ಎಲ್ಲಿದೆ ಎಂಬುದು ಒಂದರಲ್ಲಿ, ಡೇಟಾಬೇಸ್‌ನ ವಿಳಾಸ ಮತ್ತು ಪಾಸ್‌ವರ್ಡ್ ಇನ್ನೊಂದರಲ್ಲಿ, ಸ್ಕ್ಯಾನ್ ಮಾಡಿದ ಕಾಗದಗಳು ಯಾವ ಫೋಲ್ಡರಿನಲ್ಲಿವೆ ಎಂಬುದು ಮೂರನೆಯದರಲ್ಲಿ. ಡೇಟಾಬೇಸ್ ಎಂದರೆ ಪಟ್ಟಿ: ಯಾರ ಕಾಗದ, ಯಾವ ಊರು, ಯಾವ ದಿನ ಬಂತು. ಕಾಗದದ ಚಿತ್ರ ಮಾತ್ರ ಬೇರೆ ಕಡೆ. ನಮ್ಮಲ್ಲಿ ಆ ಚಿತ್ರಗಳೆಲ್ಲ ಸರ್ವರಿಗೆ ತಂತಿಯಿಂದ ಸಿಕ್ಕಿಸಿದ್ದ, ಊಟದ ಡಬ್ಬಿಯಷ್ಟಿದ್ದ ಒಂದು ಕಪ್ಪು ಹಾರ್ಡ್ ಡಿಸ್ಕಿನಲ್ಲಿದ್ದವು. ಅದರ ಮೇಲೆ ನಾನೇ ಚೀಟಿ ಅಂಟಿಸಿ "ಕಡತ, ಮುಟ್ಟಬೇಡಿ" ಎಂದು ಬರೆದಿದ್ದೆ.

ಆ ಮೂರು ಫೈಲುಗಳ ಮೇಲೆ ಮೂರು ವಾರ ಕೂತೆ. ಒಂದೊಂದು ಸಾಲನ್ನೂ ಪ್ರಿಂಟ್ ತೆಗೆದು ಪೆನ್ಸಿಲಿನಲ್ಲಿ ಗೀಟು ಹಾಕಿ ಓದಿದೆ. ಲ್ಯಾಪ್‌ಟಾಪಿನಲ್ಲಿ ನಕಲು ಪೋರ್ಟಲ್ ಕಟ್ಟಿ ಎರಡು ಸಲ ತಾಲೀಮು ಮಾಡಿದೆ. ಕರೆಂಟ್ ಹೋದರೆ, ಯುಪಿಎಸ್ ಕೈಕೊಟ್ಟರೆ, ನನಗೇ ಜ್ವರ ಬಂದರೆ ಎಂದು ಹನ್ನೊಂದು ಅಪಾಯಗಳ ಪಟ್ಟಿ ಬರೆದಿಟ್ಟೆ. ನಡೆದದ್ದು ಆ ಹನ್ನೊಂದರಲ್ಲಿ ಇರಲಿಲ್ಲ.

ಇಲ್ಲಿ ರಾಜಮ್ಮನವರ ವಿಷಯ ಹೇಳಬೇಕು. ಗಾವಡಗೆರೆಯವರು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಮನೆಯ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸಿ ಹದ ಮಾಡುವ ಮನೆಗೆ, ಬೆಂಕಿ ಹಾಕಿದವರು ಅವರೇ. ಆದರೆ ಸಂಘದಲ್ಲಿ ಬ್ಯಾರನ್ ಅತ್ತೆ ಸಿದ್ದಮ್ಮನ ಹೆಸರಿನಲ್ಲಿತ್ತು. ತಾನು ಹೋದ ಮೇಲೆ ಅದು ಸೊಸೆಗೇ ಸೇರಬೇಕೆಂದು ಸಿದ್ದಮ್ಮ ಒಪ್ಪಿಗೆ ಪತ್ರ ಬರೆಸಿ ಹೆಬ್ಬೆಟ್ಟು ಒತ್ತಿದ್ದರು. ಆ ಕಾಗದವನ್ನು ಸ್ಕ್ಯಾನ್ ಮಾಡಿದ್ದು ನಾನೇ. ಮೂಲ ಪ್ರತಿಯನ್ನು ನಾನು ಹಿಂದಕ್ಕೆ ಕೊಡುವಾಗ ರಾಜಮ್ಮ, "ಮಣ್ಣಿನ ಮನೆ ಸಾ, ಕಾಗ್ದ ಉಳಿಯಕಿಲ್ಲ" ಎಂದರು.

"ಕಾಗದ ಹೋದ್ರೂ ಚಿಂತೆ ಇಲ್ಲಮ್ಮ. ಕಂಪ್ಯೂಟರ್‌ನಲ್ಲಿ ಇದ್ದದ್ದು ಎಲ್ಲಿಗೂ ಹೋಗಲ್ಲ" ಎಂದೆ. ಗ್ಯಾಸ್ ಒಲೆಯನ್ನೇ ನಂಬದ ನಾನು ಆ ಮಾತನ್ನು ಹೇಗೆ ಹೇಳಿದೆನೋ ಇವತ್ತಿಗೂ ತಿಳಿಯದು.

ಕಾಗದವನ್ನು ಗೆದ್ದಲು ತಿಂದಿತು. ಆಮೇಲೆ ಸಿದ್ದಮ್ಮನೂ ತೀರಿಕೊಂಡರು. ರಾಜಮ್ಮನ ಮೈದುನ ಬ್ಯಾರನ್ ತನಗೆ ಸೇರಬೇಕೆಂದು ತಕರಾರು ಅರ್ಜಿ ಹಾಕಿದ. ಸಂಘದ ವರ್ಗಾವಣೆ ಸಮಿತಿ ದಸರಾ ಮುಗಿದ ಮುಂದಿನ ಸೋಮವಾರ ಕೂರುವುದಿತ್ತು. ಒಪ್ಪಿಗೆ ಪತ್ರ ತೋರಿಸಿದರೆ ಬ್ಯಾರನ್ ರಾಜಮ್ಮನದು, ಇಲ್ಲದಿದ್ದರೆ ಅಲ್ಲ.

ರಜೆಗೆ ಮುಂಚಿನ ಶುಕ್ರವಾರ ಮಧ್ಯಾಹ್ನವೇ ಪೋರ್ಟಲ್ ಮುಚ್ಚಿ ನೋಟಿಸ್ ಹಾಕಿದೆವು. ಆಯುಧಪೂಜೆಯ ದಿನ ಕಚೇರಿ ಇರುವುದಿಲ್ಲವೆಂದು ನಮ್ಮಲ್ಲಿ ಪೂಜೆಯನ್ನು ಅವತ್ತೇ ಮಾಡುವ ರೂಢಿ. ಅಟೆಂಡರ್ ಮಾದಪ್ಪನಿಗೆ ಆ ದಿನ ಕಚೇರಿ ಪೂರ್ತಿ ತನ್ನದೇ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಜೀಪು, ಟೈಪ್‌ರೈಟರ್, ತೂಕದ ಯಂತ್ರ ಎಲ್ಲವನ್ನೂ ತನ್ನ ಕೈಯಾರೆ ಒರೆಸಬೇಕು. ನಾನು ಸರ್ವರ್ ಆರಿಸಿ, "ಒರೆಸಿ ಮಾದಪ್ಪ, ಆದ್ರೆ ತಂತಿ ಎಲ್ಲಿಂದ ತೆಗೀತೀರೋ ಅಲ್ಲಿಗೇ ಹಾಕಿ" ಎಂದು ಹೇಳಿ, ಮಂಗಳಾರತಿ ತೆಗೆದುಕೊಂಡು, ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋದೆ. ಸರ್ವರ್ ಮತ್ತೆ ಚಾಲೂ ಮಾಡಿದ್ದು ಮಾದಪ್ಪ.

ವಿಜಯದಶಮಿಯ ಮಾರನೆಯ ದಿನ, ಬುಧವಾರ ಬೆಳಿಗ್ಗೆ ಎಂಟಕ್ಕೇ ಬಂದೆ. ಡೇಟಾಬೇಸ್‌ನ ಎರಡು ಪ್ರತಿ ತೆಗೆದಾಗಿತ್ತು. ನಾಲ್ಕು ಸಲ ಬೀಗ ಎಳೆಯುವವನಿಗೆ ಎರಡು ಪ್ರತಿ ಸಾಲುತ್ತದೆಯೇ? ಮೂರನೆಯದಕ್ಕೆ ಖಾಲಿ ಡಿಸ್ಕು ಹುಡುಕಿದೆ. ಬೀರುವಿನ ಪಕ್ಕದ ದೇವರ ಗೂಡಿನಲ್ಲಿ, ಚಾಮುಂಡೇಶ್ವರಿಯ ಪಟದ ಮುಂದೆ ಒಂದು ಕಪ್ಪು ಡಿಸ್ಕು ಇತ್ತು. ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ. ಚೀಟಿ ಇರಲಿಲ್ಲ. ಅಂಥ ಡಿಸ್ಕುಗಳು ಕಚೇರಿಯಲ್ಲಿ ನಾಲ್ಕೈದು ಇದ್ದವು. ಯಾವುದೋ ಹಳೆಯದನ್ನು ಮಾದಪ್ಪ ಪೂಜೆಗಿಟ್ಟಿದ್ದಾನೆ, ತಾಯಿಯೇ ಒದಗಿಸಿಕೊಟ್ಟಳು ಎಂದುಕೊಂಡೆ. ಕಣ್ಣಿಗೆ ಒತ್ತಿಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ.

'ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?' ಎಂದು ಪರದೆ ಕೇಳಿತು. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದಂತೆ. ಸರ್ವರಿನ ಡಿಸ್ಕುಗಳ ಬರವಣಿಗೆಯೇ ಬೇರೆ. ಲ್ಯಾಪ್‌ಟಾಪಿಗೆ ಅದು ಓದಲು ಬರುವುದಿಲ್ಲ, ಒಳಗೆ ಏನಿದ್ದರೂ ಖಾಲಿ ಎಂದೇ ತಿಳಿಯುತ್ತದೆ. ಇದನ್ನು ನಾನು ಶಾಖೆಯವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದೇನೆ. ಹೂಂ ಎಂದು ಒತ್ತಿದೆ. ಆಮೇಲೆ ಮೂರನೆಯ ಪ್ರತಿಯನ್ನು ಅದರ ಮೇಲೆ ಸುರಿದೆ. ಮನಸ್ಸು ನಿರಾಳವಾಯಿತು.

ಒಂಬತ್ತೂವರೆಗೆ ಟೂಲ್ ಓಡಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ 'ಅಪ್‌ಗ್ರೇಡ್ ಯಶಸ್ವಿಯಾಗಿ ಮುಗಿದಿದೆ' ಎಂದು ಬಂತು. ಪಕ್ಕದಲ್ಲಿ ಎಚ್ಚರಿಕೆಗಳದೊಂದು ಫೈಲು ತಯಾರಾಗಿತ್ತು. ಗಾತ್ರ ಸ್ವಲ್ಪ ದೊಡ್ಡದೇ. ತೆರೆಯಲು ಭಯವಾಯಿತು. ಯಶಸ್ವಿ ಎಂದು ಅದೇ ಹೇಳಿದ ಮೇಲೆ ಕೆದಕುವುದೇಕೆ ಎಂದು ಊಟಕ್ಕೆ ಎದ್ದೆ. ಎಲ್ಲದಕ್ಕೂ ಹೆದರುವವನು ಹೆದರಲೇಬೇಕಾದ ಕಡೆ ಹೀಗೆ ಮುಖ ತಿರುಗಿಸುತ್ತಾನೆ.

ಗುರುವಾರ ಬೆಳಿಗ್ಗೆ ಮೊದಲು ಬಂದವರೇ ರಾಜಮ್ಮ. "ನಮ್ಮತ್ತೆ ಕಾಗ್ದದ್ದು ಒಂದು ಪ್ರಿಂಟ್ ಕೊಡಿ ಸಾ. ಸ್ವಾಮಾರಕ್ಕೆ ಬೇಕು."

ಪಟ್ಟಿಯಲ್ಲಿ ಹೆಸರಿತ್ತು: ಸಿದ್ದಮ್ಮ, ಗಾವಡಗೆರೆ, ಒಪ್ಪಿಗೆ ಪತ್ರ. ಒತ್ತಿದೆ. ಫೈಲ್ ಸಿಗಲಿಲ್ಲ ಎಂದು ಬಂತು. ಪಕ್ಕದ ಹೆಸರು ಒತ್ತಿದೆ, ಅದೂ ಇಲ್ಲ. ಹತ್ತು ಒತ್ತಿದೆ. ಎದ್ದು ಸರ್ವರ್ ಹಿಂದೆ ನೋಡಿದೆ. ಕಪ್ಪು ಡಿಸ್ಕು ಇರಬೇಕಾದ ಜಾಗ ಖಾಲಿ. ಡಿಸ್ಕು ಇಲ್ಲದಿದ್ದರೂ ಅದರ ಹೆಸರಿನ ಫೋಲ್ಡರ್ ಸರ್ವರಿನಲ್ಲಿ ಬರಿದಾಗಿ ಉಳಿದಿರುತ್ತದೆ. ನಾನು ಬರೆದುಕೊಟ್ಟ ದಾರಿ ಹಿಡಿದು ಟೂಲ್ ಅಲ್ಲಿಗೆ ಹೋಗಿ ಖಾಲಿ ಕೋಣೆ ನೋಡಿ ಬಂದಿತ್ತು. ದಿನಾ ಬೆಳಿಗ್ಗೆ ತಾನಾಗಿ ನಡೆಯುವ ಬ್ಯಾಕಪ್ಪೂ ರಜೆಯಲ್ಲಿ ಅದೇ ಖಾಲಿ ಕೋಣೆಯನ್ನು ನಕಲು ಮಾಡಿ, ಮೈಸೂರಿನಲ್ಲಿದ್ದ ನಮ್ಮ ಪ್ರತಿಯನ್ನೂ ಖಾಲಿ ಮಾಡಿತ್ತು. ಅದಕ್ಕೆ ಹಾಗೆಂದು ಹೇಳಿಕೊಟ್ಟವನೂ ನಾನೇ.

"ಮಾದಪ್ಪ, ಇಲ್ಲಿದ್ದ ಡಿಸ್ಕು?"

"ಗೂಡಲ್ಲಿ ಮಡ್ಗಿದ್ನಲ್ಲ ಸಾ. ಅಷ್ಟು ದೊಡ್ಡ ಮಿಸಿನ್ನ ತಾಯಿ ಮುಂದೆ ಇಡಕಾಯ್ತದಾ? ಅದುಕ್ಕೇ ಅದ್ರ ಮರಿ ಇಟ್ಟೆ. ಪೂಜೆಗಿಟ್ಟಿದ್ದ ದಸಮಿ ಗಂಟ ಮುಟ್ಟಬಾರ್ದು ಅಲ್ವಾ? ನಿನ್ನೆ ಸಿಗಿಸಾನ ಅಂತ ಬಂದೆ, ನೀವೇ ತಕ್ಕಂಡಿದ್ರಿ. ಸಾಯೇಬ್ರು ಕೈಗೆ ಓಯ್ತಲ್ಲ ಅಂತ ಸುಮ್ಕಾದೆ."

"ಅದರ ಮೇಲೆ ಚೀಟಿ ಇತ್ತಲ್ಲ?"

"ಕೊಳಕಾಗಿತ್ತು ಸಾ. ಒದ್ದೆ ಬಟ್ಟೇಲಿ ಉಜ್ಜುದ್ರೆ ಬಂದ್ಬುಡ್ತು."

ಅವನ ತಪ್ಪೇನು? ಯಂತ್ರದ ಬದಲು ಯಂತ್ರದ ಮರಿಯನ್ನು ದೇವರ ಮುಂದಿಟ್ಟ. ದೇವರ ಮುಂದಿನದನ್ನು ತೆಗೆದು ಸ್ಲೇಟು ಒರೆಸಿದವನು ನಾನು.

ವ್ಯವಸ್ಥಾಪಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಿಂಗಪೂಜೆ ಮುಗಿಸದೆ ಕಚೇರಿಗೆ ಕಾಲಿಡದ, ಗಟ್ಟಿಯಾಗಿ ಮಾತಾಡದ ಮನುಷ್ಯ. "ಏನ್ರೀ, ಎರಡು ಕಾಪಿ ಇದ್ದವಲ್ಲ. ಮೂರನೇದು ಯಾಕೆ ಬೇಕಾಗಿತ್ತು?" ಎಂದರು. ಸಮಿತಿಯ ಸಭೆಯನ್ನು ಎರಡು ವಾರ ಮುಂದಕ್ಕೆ ಹಾಕಿಸಿದರು. ಅವರಿಂದ ಆಗುವುದು ಅಷ್ಟೇ ಇತ್ತು.

ಅಳಿಸಿಹೋದದ್ದನ್ನು ಡಿಸ್ಕಿನಿಂದ ಮತ್ತೆ ಹೊರತೆಗೆದುಕೊಡುವ ಮೈಸೂರಿನವರೊಬ್ಬರಿಗೆ ಅದನ್ನು ಕೊಟ್ಟೆ. ಹತ್ತು ದಿನದ ಮೇಲೆ ಅವರು, ಸುಮಾರು ಹತ್ತರಲ್ಲಿ ಮೂರು ಪಾಲು ಸಿಕ್ಕಿದೆ, ಹೆಸರುಗಳು ಮಾತ್ರ ಇಲ್ಲ, ಬರೀ ಚಿತ್ರ ಎಂದರು. "ನಿಮ್ಮ ಮೂರನೇ ಕಾಪಿ ಕೂತಿರೋ ಕಡೆ ಇದ್ದದ್ದು ಮಾತ್ರ ದೇವರೇ ಬಂದ್ರೂ ಬರಲ್ಲ ಸರ್."

ಹೆಸರಿಲ್ಲದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಬೇಕಾಯಿತು. ರಾಜಮ್ಮ ಬುತ್ತಿ ಕಟ್ಟಿಕೊಂಡು ಬಂದು ಎರಡು ದಿನ ನನ್ನ ಪಕ್ಕದಲ್ಲಿ ಕೂತರು. ಅವರಿಗೆ ಓದಲು ಬಾರದು. ಹೆಬ್ಬೆಟ್ಟು ಬಂದ ಕಡೆಯೆಲ್ಲ ಬಗ್ಗಿ ನೋಡುತ್ತಿದ್ದರು.

"ಇದಲ್ಲ. ನಮ್ಮತ್ತೆ ಎಬ್ಬೆಟ್ಟಿಗೆ ಕುಡ್ಲು ತಾಗಿ ಅಡ್ಡಕ್ಕೆ ಗಾಯ ಆಗಿತ್ತು ಸಾ. ನಡುವೆ ಗೀಟು ಎಳ್ದಂಗೆ ಕಾಣ್ತದೆ." ಇನ್ನೊಂದು. "ಇದೂ ಅಲ್ಲ. ಇದ್ಯಾವನೋ ಮೈಗಳ್ಳಂದು, ನೋಡಿ ಎಷ್ಟು ನುಣ್ಣಗದೆ." ಮಾದಪ್ಪ ತಂದಿಟ್ಟ ಕಾಫಿ ಆರುತ್ತಿತ್ತು. ನಾವಿಬ್ಬರೂ ಸ್ವಲ್ಪ ನಕ್ಕೆವು.

ಎರಡನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಕಾಗದ ತೆರೆಯಿತು. ನಾನು ಜೋರಾಗಿ ಓದಿದೆ: "ಗಾವಡಗೆರೆ ವಾಸಿ ಸಿದ್ದಮ್ಮ ಆದ ನಾನು ಸ್ವಸಂತೋಷದಿಂದ..." ರಾಜಮ್ಮ ಎದ್ದು ನಿಂತರು. ಪರದೆಯನ್ನು ಕೆಳಗೆ ಸರಿಸಿದೆ. ಏಳನೆಯ ಸಾಲಿನ ಮಧ್ಯದಿಂದ ಬೂದು ಬಣ್ಣ. ಕೆಳಗಿನ ಅರ್ಧ, ಹೆಬ್ಬೆಟ್ಟು ಇರಬೇಕಾದ ಜಾಗವೆಲ್ಲ, ಒಲೆ ಬೂದಿ ಬಳಿದ ಹಾಗೆ ಬರೀ ಬೂದು.

"ಇಷ್ಟು ಬಂದದಲ್ಲ ಸಾ, ಇನ್ನೊಸಿ ಬರಕಿಲ್ವಾ?"

"ಬರಲ್ಲಮ್ಮ."

ಅವರು ಪರದೆಯ ಬೂದಿನ ಮೇಲೆ ಬೆರಳಾಡಿಸಿದರು. ಧೂಳು ಕೂತಿರಬಹುದು ಎಂಬಂತೆ ಸೆರಗಿನಿಂದ ಒಮ್ಮೆ ಒರೆಸಿದರು.

ಸಮಿತಿಯ ಮುಂದೆ ನಾನೂ ಹೋಗಿ ನಿಂತೆ. ಪೂರ್ತಿ ಪತ್ರವನ್ನು ಕಣ್ಣಾರೆ ನೋಡಿದ್ದೇನೆ, ಸ್ಕ್ಯಾನ್ ಮಾಡಿದವನು ನಾನೇ, ಕಳೆದವನೂ ನಾನೇ ಎಂದು ಬರೆದುಕೊಟ್ಟೆ. ಮೈದುನ, "ಕಳ್ಕಂಡೋನ ಸಾಕ್ಷಿ ಯಾವ ಸಾಕ್ಷಿ ಸ್ವಾಮಿ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹೆಬ್ಬೆಟ್ಟಿಲ್ಲದ ಪತ್ರ ಪತ್ರವಲ್ಲವೆಂದು ಸಮಿತಿ ಬರೆಯಿತು. ಬ್ಯಾರನ್ ಮೈದುನನ ಹೆಸರಿಗಾಯಿತು. ನನ್ನ ಒಂದು ಬಡ್ತಿ ತಡೆಹಿಡಿದರು. ಮುಂದಿನ ಹಂಗಾಮಿನಲ್ಲಿ ರಾಜಮ್ಮ ಅದೇ ಬ್ಯಾರನ್ನಿನ ಮುಂದೆ ದಿನಗೂಲಿಗೆ ಸೊಪ್ಪು ಕಟ್ಟುತ್ತಿದ್ದರೆಂದು ಗಾವಡಗೆರೆ ಕಡೆಯ ಸದಸ್ಯರೊಬ್ಬರು ಹೇಳಿದರು.

ತೀರ್ಮಾನವಾದ ದಿನ ರಾಜಮ್ಮ ಹೊರಡುವ ಮುನ್ನ ನನ್ನ ಮೇಜಿನ ಬಳಿ ಬಂದಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಆ ಅರ್ಧ ಕಾಗ್ದನೇ ಒಂದು ಪ್ರಿಂಟ್ ಕೊಡಿ ಸಾ" ಎಂದರು.

"ಅದರಿಂದ ಏನೂ ಆಗಲ್ಲಮ್ಮ."

"ಗೊತ್ತು ಬುಡಿ. ನಮ್ಮತ್ತೆ ಸ್ವಸಂತೋಸದಿಂದ ಅಂತ ಯೋಳವ್ಳಲ್ಲ, ಅದು ಇರ್ಲಿ."

ಪ್ರಿಂಟ್ ತೆಗೆದುಕೊಟ್ಟೆ. ಬೂದು ಭಾಗವನ್ನು ಹಿಂದಕ್ಕೆ ಮಡಚಿ, ಅಕ್ಷರಗಳಷ್ಟೇ ಮೇಲೆ ಕಾಣುವಂತೆ ಮಾಡಿ, ರವಿಕೆಯೊಳಗಿಟ್ಟುಕೊಂಡು ಬಸ್ಸಿಗೆ ಹೋದರು.

ಈಗಲೂ ಅಪ್‌ಗ್ರೇಡ್ ಮಾಡುತ್ತೇನೆ, ಈಗಲೂ ಹೆದರುತ್ತೇನೆ. ಬದಲಾದದ್ದು ಒಂದೇ. ಟೂಲಿಗೆ ದಾರಿ ಬರೆದುಕೊಡುವ ಮೊದಲು ಆ ದಾರಿಯಲ್ಲಿ ನಾನೇ ಒಮ್ಮೆ ಹೋಗಿ, ಯಾರಾದರೊಬ್ಬರ ಕಾಗದ ತೆರೆದು, ಕೊನೆಯ ಸಾಲಿನವರೆಗೆ, ಹೆಬ್ಬೆಟ್ಟು ಕಾಣುವವರೆಗೆ ನೋಡುತ್ತೇನೆ. ಯಶಸ್ವಿ ಎಂದು ಯಂತ್ರ ಹೇಳುವುದು ತನ್ನ ಕೆಲಸದ ಬಗ್ಗೆ. ಕಾಗದ ಯಾರದು ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾದವನು ನಾನು. ಇದನ್ನು ಕಲಿಯುವುದಕ್ಕೆ ನಾನು ಕೊಟ್ಟದ್ದು ಒಂದು ಬಡ್ತಿ. ಉಳಿದದ್ದನ್ನೆಲ್ಲ ರಾಜಮ್ಮ ಕೊಟ್ಟರು.