ಸೂರಿಗೆ ನೇತುಹಾಕಿದ ರಾಗಿಕಲ್ಲು

ಬೆಳಗಿನಿಂದ ಟೀವಿಯಲ್ಲಿ ಚಂಡಮಾರುತದ ಸುದ್ದಿ ನೋಡಿ ನೋಡಿ ಕಣ್ಣು ಸೋತವು. ಮೂಲೆಯಲ್ಲಿದ್ದ ಹಳೆಯ ರಾಗಿಕಲ್ಲು ಕಂಡಾಗ ತೆರಕಣಾಂಬಿಯ ನಮ್ಮ ಹುಲ್ಲಿನ ಮನೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗಲೂ ಹೀಗೆಯೇ, ಮದ್ರಾಸಿನ ಸಮುದ್ರದಿಂದ ಬಿರುಗಾಳಿ ನಮ್ಮ ಕಡೆಗೇ ಬರುತ್ತದೆಂದು ರೇಡಿಯೋ ಕೇಳಿದವರು ಹೇಳಿದ್ದರು. ಸೂರು ಹಾರಿಹೋಗದಂತೆ ಅಪ್ಪ ಅದರ ಮೇಲಿಂದ ಹಗ್ಗ ಎಸೆದು, ಎರಡು ತುದಿಗೂ ರಾಗಿ ಬೀಸುವ ಕಲ್ಲಿನ ಒಂದೊಂದು ಹೋಳು ಕಟ್ಟಿ ನೇತುಹಾಕಿದ. ಬೀಸಲು ಕಲ್ಲಿಲ್ಲದೆ ಮನೆಯಲ್ಲಿ ಹಿಟ್ಟೇ ಇಲ್ಲವಾಯಿತು. ಬೇಯಿಸಿದ ಹುರಳಿ ತಿಂದುಕೊಂಡು, ದಿನವೂ ಮೂಡಲ ದಿಕ್ಕು ನೋಡುತ್ತಾ ಕೂತೆವು. ಮೋಡ ಕವಿದಿತ್ತು, ಎಲೆ ಮಾತ್ರ ಅಲುಗುತ್ತಿರಲಿಲ್ಲ.

ಕೊನೆಗೆ ಅವ್ವನಿಗೆ ಸಾಕಾಯಿತು. “ಬಂದ್ರೆ ಬರ್ಲಿ, ಕಲ್ಲು ಇಳುಸ್ಬುಡಿ. ಮಕ್ಳು ಮುದ್ದೆ ಕಂಡು ಎಸ್ಟ್ ದಿನಾಯ್ತು!” ಎಂದು ಅಪ್ಪನ ಮೇಲೆ ರೇಗಿದಳು.

ಅವಳು ಬೀಸುತ್ತಿರುವಾಗಲೇ ಪಕ್ಕದ ಮನೆಯ ದೊಡ್ಡಪ್ಪ ಬಂದರು. “ಗಾಳಿ ಇತ್ಲಾಗ್ ಬರಕ್ಕಿಲ್ವಂತೆ ಕಣವ್ವ. ಕಡ್ಲು ದಡದ ಊರ್ಗುಳ್ನ ಬಳ್ಕೊಂಡು ಓಯ್ತಂತೆ.”

ನಾನು ಖುಷಿಯಿಂದ ಕುಣಿದೆ. ಅವ್ವನ ಕೈ ನಿಂತಿತು.

“ಕುಣೀಬ್ಯಾಡ ಕಣಮ್ಮಿ. ಅಲ್ಲೂವೆ ಯಾರೋ ಒಬ್ಳು ಅವ್ವ ಕಲ್ಲು ಕಟ್ಸಿರ್ತಾಳೆ.”

ಈಗ ಟೀವಿಯಲ್ಲಿ ಗಾಳಿ ದಿಕ್ಕು ಬದಲಿಸಿತು ಎಂದರು. “ಸದ್ಯ, ನಮ್ಮ ಕಡೆ ಇಲ್ಲ. ಇನ್ನು ಟೀವಿ ಆರ್ಸಿ ಅತ್ತೆ” ಎಂದಳು ಸೊಸೆ.

ನನಗೆ ಆರಿಸಲಾಗಲಿಲ್ಲ.