ಮೊಮ್ಮಗಳ ಯೂನಿವರ್ಸಿಟಿ ಮತ್ತು ಬಿಳಿಗೆರೆ ಬೀಗಿತ್ತಿ

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಂಜನಗೂಡಿನ ನಮ್ಮ ಮನೆಗೆ ಬಿಳಿಗೆರೆಯಿಂದ ನನ್ನ ಮಗಳ ಅತ್ತೆ ಬಂದಿದ್ದರು. ನನ್ನ ಮಗನ ಮಗಳು ಜರ್ಮನಿಯ ಒಂದು ಬಂದರು ನಗರದಲ್ಲಿ, ದೇಶದೇಶದ ಮಕ್ಕಳು ಬರುವ ದೊಡ್ಡ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ ಎಂದು ಅವರಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವಳದೇ ವಿಡಿಯೋ ಕಾಲ್ ಬಂತು.

"ಬೀಗರಿಗೆ ನಿಮ್ ಕಾಲೇಜು ತೋರ್ಸವ್ವಾ" ಎಂದೆ.

ಅವಳು ಫೋನ್ ಹಿಡಿದು ನಡೆದಳು. ಗೇಟು, ಎರಡು ಇಟ್ಟಿಗೆ ಕಟ್ಟಡ, ಒಂದು ಹುಲ್ಲಿನ ಅಂಗಳ, ಅದರಾಚೆ ಹಡಗುಗಳು. ನಾನು ಕಾಫಿಗೆ ಸಕ್ಕರೆ ಹಾಕಿ ಕಲಕುವಷ್ಟರಲ್ಲಿ ಎಲ್ಲ ಮುಗಿಯಿತು.

"ಇಷ್ಟೇಯಾ?" ಎಂದರು ಬೀಗಿತ್ತಿ. "ಸುತ್ತೂರು ಮಠದ ಶಾಲೇಲಿ ಮಕ್ಕಳು ಊಟಕ್ಕೆ ಕೂರೋ ಒಂದು ಪಂಕ್ತಿಯಷ್ಟೂ ಇಲ್ವಲ್ರೀ."

"ಉಣ್ಣಕ್ಕೆ ಓದೋರ್ನೂ ಓದಕ್ಕೆ ಓದೋರ್ನೂ ಒಂದೇ ಮಾಡ್ಬ್ಯಾಡಿ ಬೀಗ್ರೇ" ಎಂದೆ.

ಮೊಮ್ಮಗಳು ನನ್ನ ಮರ್ಯಾದೆ ಉಳಿಸಲು ಹೊರಟಳು. "ಚಿಕ್ಕದಾದ್ರೇನಜ್ಜಿ, ಇಲ್ಲಿ ನಿನ್ನ ಹೆಸರು ಗೊತ್ತಿಲ್ದೋರೇ ಇಲ್ಲ. ನೀನು ಕಳಿಸಿದ ಚಟ್ನಿಪುಡಿನ ಮೇಷ್ಟ್ರುಗಳೂ ಸೇರಿ ಎಲ್ರೂ ತಿಂದ್ರು."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ.

ಬೀಗಿತ್ತಿ ಲೋಟ ಕೆಳಗಿಟ್ಟರು. "ಎಷ್ಟು ಕಳ್ಸಿದ್ರಿ?"

"ಒಂದು ಡಬ್ಬಿ."

"ಒಂದು ಡಬ್ಬಿ ಇಡೀ ಯೂನಿವರ್ಸಿಟಿಗೆ ಸಾಲ್ತಾ?"

ಮೊಮ್ಮಗಳು ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟಳು.

ಬೀಗಿತ್ತಿಗೆ ಅರಿಶಿನ ಕುಂಕುಮ, ತಾಂಬೂಲ ಕೊಟ್ಟು ಬಸ್ಸು ಹತ್ತಿಸಿ ಬಂದೆ. ಮಾಡಬೇಕಾದ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಿಲ್ಲ. ಅವರಿಗೆಂದು ತೆಗೆದಿಟ್ಟಿದ್ದ ಚಟ್ನಿಪುಡಿ ಡಬ್ಬಿ ಮಾತ್ರ ಅಡುಗೆಮನೆಯಲ್ಲೇ ಇದೆ. ನಂಜನಗೂಡಿನಲ್ಲಿ ಇರುವವರು ಯಾರಾದರೂ ಬಂದು ತೆಗೆದುಕೊಂಡು ಹೋಗಿ.